ಮುಂದಿನ ಹಲ್ಲಿನ ಒಂದು ಮೂಲೆ

ದಕ್ಷಿಣೇಶ್ವರದ ಘಾಟಿನ ಮೆಟ್ಟಿಲ ಮೇಲೆ ಕೂತು ಸೀಬೆಹಣ್ಣು ಕಚ್ಚಿದೆ. ಬಂಗಾಳಿಗಳು ಇದನ್ನು ಪೇಯಾರಾ ಎನ್ನುತ್ತಾರೆ. ಮಾರುವವರು ಸೀಳಿ, ಕಪ್ಪುಪ್ಪು ಸವರಿ ಕೈಗಿಡುತ್ತಾರೆ. ಅಂದು ಅವಸರದಲ್ಲಿ ಹೆಚ್ಚಿಸದೆ ಇಡೀ ಹಣ್ಣನ್ನೇ ಕೊಂಡಿದ್ದೆ. ಮೊದಲ ಕಡಿತಕ್ಕೇ ಬಾಯೊಳಗೆ ಕಟಕ್ ಎಂದಿತು. ಬೀಜವಿರಬೇಕೆಂದು ಉಗುಳಿದರೆ ಅಂಗೈಯಲ್ಲಿ ಅಕ್ಕಿನುಚ್ಚಿನಷ್ಟು ಹಳದಿ ಚೂರು. ನಾಲಿಗೆ ತಾನಾಗಿಯೇ ಮೇಲ್ಸಾಲಿನ ಎಡ ಬಾಚಿಹಲ್ಲಿಗೆ ಹೋಯಿತು. ಹೈಸ್ಕೂಲಿನಲ್ಲಿದ್ದಾಗ ಸೈಕಲ್ಲಿನಿಂದ ಬಿದ್ದು ಮುರಿದುಕೊಂಡು, ಊರಿನಲ್ಲಿ ‘ಸಿಮೆಂಟು’ ಹಾಕಿಸಿಕೊಂಡಿದ್ದ ಮೂಲೆ ಅಲ್ಲಿರಲಿಲ್ಲ.

ಸಂಜೆ ಫೋನಿನಲ್ಲಿ ಅಮ್ಮ ಎರಡನೆಯ ಮಾತಿಗೇ ಹಿಡಿದರು: “ಯಾಕೋ ಮಾತಲ್ಲಿ ಗಾಳಿ ಹೋಗ್ತಾ ಇದೆ.” ಅಕ್ಷರಮಾಲೆ ಕಲಿಯುವಾಗಲೇ ನಮಗೆ ಇದರ ಕಾರಣ ಹೇಳಿಕೊಟ್ಟಿರುತ್ತಾರೆ. ತ, ಥ, ದ, ಧ, ನ ದಂತ್ಯಗಳು. ನಾಲಿಗೆಯ ತುದಿ ಮೇಲಿನ ಹಲ್ಲಿನ ಬೆನ್ನು ಮುಟ್ಟಿದರೇ ಹುಟ್ಟುವ ಸದ್ದುಗಳು. ‘ವ’ ಎನ್ನಲು ಮೇಲಿನ ಹಲ್ಲಿನ ಅಂಚು ಕೆಳತುಟಿಗೆ ತಾಗಬೇಕು. ಮುಂದಿನ ಹಲ್ಲಿನ ಮೂಲೆ ಹೋದರೆ ನಗು ಕೆಡುತ್ತದೆಂದು ಎಲ್ಲರಿಗೂ ಗೊತ್ತು. ಮಾತಿನ ಅಂಚೂ ಸವೆಯುತ್ತದೆಂಬುದು ಹೋದ ಮೇಲೆ ತಿಳಿಯುತ್ತದೆ.

ಕನ್ನಡಿಗರಿಗೆ ದಕ್ಷಿಣೇಶ್ವರ ಹೊಸ ಹೆಸರಲ್ಲ. ರಾಣಿ ರಾಸಮಣಿ ಕಟ್ಟಿಸಿದ, 1855ರಲ್ಲಿ ಪ್ರತಿಷ್ಠೆಗೊಂಡ ಭವತಾರಿಣಿಯ ಒಂಬತ್ತು ಶಿಖರಗಳ ಗುಡಿಯನ್ನು ಕುವೆಂಪು ಬರೆದ ಪರಮಹಂಸರ ಜೀವನಚರಿತ್ರೆಯ ಮೂಲಕ ಮನಸ್ಸಿನಲ್ಲೇ ಕಂಡವರು ನಾವು. ಇಂದಿನ ದಕ್ಷಿಣೇಶ್ವರಕ್ಕೆ ಇನ್ನೊಂದು ಮುಖವೂ ಇದೆ. 2018ರಲ್ಲಿ ಸ್ಕೈವಾಕ್ ಬಂತು, 2021ರ ಫೆಬ್ರವರಿಯಲ್ಲಿ ಮೆಟ್ರೊ ಬಂತು, ನಿಲ್ದಾಣದ ಸುತ್ತಿನ ಬೀದಿಗಳಲ್ಲಿ ಅಂಗಡಿಗಳು ಒತ್ತಿಕೊಂಡವು. ಮರುದಿನ ಆ ಬೀದಿಗಳಲ್ಲಿ ತುಟಿ ಮುಚ್ಚಿಕೊಂಡು ನಡೆಯುತ್ತಿದ್ದ ನನಗೆ ಎರಡು ಬಗೆಯ ಬೋರ್ಡು ಕಂಡವು. ಒಂದರ ಮೇಲೆ ಬರೀ ಡೆಂಟಲ್ ಕ್ಲಿನಿಕ್. ಇನ್ನೊಂದರ ಮೇಲೆ ಕಾಸ್ಮೆಟಿಕ್ ಡೆಂಟಿಸ್ಟ್ರಿ, ಜೊತೆಗೆ ಫಳಫಳಿಸುವ ನಗುವಿನ ದೊಡ್ಡ ಚಿತ್ರ. ದವಡೆ ಹಲ್ಲಾಗಿದ್ದರೆ ಯೋಚಿಸದೆ ಮೊದಲನೆಯದರ ಬಾಗಿಲು ತಳ್ಳುತ್ತಿದ್ದೆ. ಇದು ಮುಂದಿನ ಹಲ್ಲು. ಯಾರ ಹತ್ತಿರ ಹೋಗಬೇಕು?

ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಮಂಗಳೂರಿನಲ್ಲಿ ಎಷ್ಟೋ ಜನ ಕೇಳಿಕೊಳ್ಳುವ ಪ್ರಶ್ನೆಯಿದು. ನಾನು ಎರಡೂ ಬಗೆಯ ಬಾಗಿಲು ತಟ್ಟಿ ಬಂದೆ. ತಿಳಿದುಕೊಂಡದ್ದನ್ನು ಇಲ್ಲಿ ಬಿಡಿಸಿಡುತ್ತೇನೆ.

ಬೋರ್ಡಿನ ಪದ, ಗೋಡೆಯ ಪದವಿ

ಮೊದಲು ತಿಳಿಯಬೇಕಾದ ಸಂಗತಿ: ನಮ್ಮ ದೇಶದಲ್ಲಿ ‘ಕಾಸ್ಮೆಟಿಕ್ ಡೆಂಟಿಸ್ಟ್’ ಎಂಬ ಪ್ರತ್ಯೇಕ ಪದವಿ ಇಲ್ಲ. ಹಲ್ಲಿನ ಡಾಕ್ಟರಾಗಲು ಬಿಡಿಎಸ್ ಓದಬೇಕು. ಅದಾದ ಮೇಲೆ ಮೂರು ವರ್ಷದ ಎಂಡಿಎಸ್. ಭಾರತೀಯ ದಂತ ಪರಿಷತ್ತು ಎಂಡಿಎಸ್‌ಗೆ ಗೊತ್ತುಮಾಡಿದ ವಿಭಾಗಗಳು ಒಂಬತ್ತು. ವಸಡಿನದು ಒಂದು, ವಕ್ರದಂತಕ್ಕೆ ಕ್ಲಿಪ್ ಹಾಕುವುದು ಒಂದು, ಮಕ್ಕಳ ಹಲ್ಲಿನದು ಒಂದು, ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ ಒಂದು, ಹೀಗೆ. ಸೌಂದರ್ಯ ದಂತವೈದ್ಯ ಎಂಬುದು ಆ ಒಂಬತ್ತರಲ್ಲಿಲ್ಲ.

ಹಾಗೆಂದು ಆ ಪದವೇ ಸುಳ್ಳು ಎನ್ನಲಾಗದು. ಬಣ್ಣ, ಆಕಾರ, ನಗುವಿನ ಸಾಲು ಇವುಗಳ ಮೇಲೆಯೇ ಮನಸ್ಸಿಟ್ಟು, ಹೆಚ್ಚಿನ ತರಬೇತಿ ಪಡೆದು, ವರ್ಷಗಟ್ಟಲೆ ಅದನ್ನೇ ಮಾಡಿ ಕೈ ಪಳಗಿಸಿಕೊಂಡ ವೈದ್ಯರಿದ್ದಾರೆ. ಅವರ ಕೆಲಸ ನೋಡಿದರೆ ಗೌರವ ಹುಟ್ಟುತ್ತದೆ. ಆದರೆ ವಾರಾಂತ್ಯದ ಒಂದು ತರಗತಿಗೆ ಹೋಗಿ ಬಂದವರೂ ಅದೇ ಪದವನ್ನು ಬೋರ್ಡಿಗೇರಿಸಬಹುದು. ಬೋರ್ಡು ನೋಡಿ ಇವರಿಬ್ಬರನ್ನು ಬೇರೆ ಮಾಡಲು ರೋಗಿಗೆ ಆಗದು.

ಮುಂದಿನ ಹಲ್ಲಿನ ಫಿಲ್ಲಿಂಗಿಗೆ ನಿಜಕ್ಕೂ ಹತ್ತಿರವಾದ ಎಂಡಿಎಸ್ ವಿಭಾಗಗಳು ಎರಡು. ಕನ್ಸರ್ವೇಟಿವ್ ಡೆಂಟಿಸ್ಟ್ರಿ ಮತ್ತು ಎಂಡೊಡಾಂಟಿಕ್ಸ್ ಮೊದಲನೆಯದು: ಇರುವ ಹಲ್ಲನ್ನು ಉಳಿಸಿಕೊಂಡು ತುಂಬುವುದು, ಬೇರಿನ ಚಿಕಿತ್ಸೆ ಮಾಡುವುದು ಇವರ ವಿದ್ಯೆ. ಜನ ಇವರನ್ನು ರೂಟ್ ಕೆನಾಲ್ ಡಾಕ್ಟರ್ ಎಂದಷ್ಟೇ ತಿಳಿದಿರುತ್ತಾರೆ. ಹಲ್ಲಿನ ಬಣ್ಣದ ಫಿಲ್ಲಿಂಗನ್ನು ಮೂರು ವರ್ಷ ಕೂತು ಕಲಿತವರೂ ಇವರೇ. ಎರಡನೆಯದು ಪ್ರಾಸ್ಥೊಡಾಂಟಿಕ್ಸ್: ಕ್ಯಾಪು, ಹಲ್ಲಿನ ಮುಖಕ್ಕೆ ಅಂಟಿಸುವ ತೆಳು ಹೊದಿಕೆಯಾದ ವೆನೀರು, ಕಟ್ಟಿಸುವ ಹಲ್ಲು ಇವರ ಪಾಲಿನವು. ಬೋರ್ಡಿನ ದೊಡ್ಡ ಅಕ್ಷರ ಓದಿದ ಮೇಲೆ ಹೆಸರಿನ ಕೆಳಗಿನ ಸಣ್ಣ ಅಕ್ಷರಗಳನ್ನೂ, ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆಯನ್ನೂ ಓದಬೇಕು. ಗೋಡೆಯ ಮೇಲಿನ ಚಿತ್ರಕ್ಕಿಂತ ಅವು ಹೆಚ್ಚು ಹೇಳುತ್ತವೆ.

ಸೋಡಾ ಅಂಗಡಿಯ ದುಡ್ಡಿನಲ್ಲಿ ಕಾಲೇಜು

ದಕ್ಷಿಣೇಶ್ವರದಿಂದ ಸಿಯಾಲ್ದಾಗೆ ಲೋಕಲ್ ರೈಲಿದೆ. ಅಲ್ಲಿಳಿದು ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಗೆ ಬಂದರೆ ಡಾ. ಆರ್. ಅಹ್ಮದ್ ದಂತ ಕಾಲೇಜು. ಭಾರತದ ಮೊದಲ ದಂತವೈದ್ಯ ಕಾಲೇಜಿದು. ಪೂರ್ವ ಬಂಗಾಳದಲ್ಲಿ ಹುಟ್ಟಿದ ರಫಿಯುದ್ದೀನ್ ಅಹ್ಮದ್ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1915ರಲ್ಲಿ ದಂತವೈದ್ಯ ಪದವಿ ಪಡೆದರು. ಊರಿಗೆ ಮರಳಿ 1920ರಲ್ಲಿ ಕಲ್ಕತ್ತೆಯಲ್ಲಿ ಕಾಲೇಜು ತೆರೆದರು. ಸರ್ಕಾರದ ದುಡ್ಡಿರಲಿಲ್ಲ. ‘ನ್ಯೂಯಾರ್ಕ್ ಸೋಡಾ ಫೌಂಟನ್’ ಎಂಬ ಅಂಗಡಿ ನಡೆಸಿ, ಅದರ ಗಳಿಕೆಯಿಂದ ಕಾಲೇಜು ಸಾಕಿದರು. 1949ರಲ್ಲಿ ಅದನ್ನು ಪಶ್ಚಿಮ ಬಂಗಾಳ ಸರ್ಕಾರಕ್ಕೆ ಒಪ್ಪಿಸಿಬಿಟ್ಟರು. 1964ರಲ್ಲಿ ಪದ್ಮಭೂಷಣ ಬಂತು, ಮರುವರ್ಷ ತೀರಿಕೊಂಡರು.

ನಮ್ಮ ವಿಷಯಕ್ಕೆ ಹತ್ತಿರವಾದ ಮಾತೊಂದಿದೆ. 1928ರಲ್ಲಿ ಅವರು ವಿದ್ಯಾರ್ಥಿಗಳಿಗೆಂದು ಒಂದು ಕೈಪಿಡಿ ಪ್ರಕಟಿಸಿದರು. ಅದರ ವಿಷಯ ಆಪರೇಟಿವ್ ಡೆಂಟಿಸ್ಟ್ರಿ, ಅಂದರೆ ಹುಳುಕು ತೆಗೆದು ಹಲ್ಲು ತುಂಬುವ ಕಲೆ. ಹಲ್ಲು ತುಂಬುವುದು ಈ ದೇಶದ ದಂತವೈದ್ಯ ಶಿಕ್ಷಣದ ಬುನಾದಿಯಲ್ಲೇ ಇದೆ. ಇಂದಿಗೂ ಬಿಡಿಎಸ್ ಓದುವ ಪ್ರತಿಯೊಬ್ಬರೂ ಮುಂದಿನ ಹಲ್ಲಿನ ಫಿಲ್ಲಿಂಗ್ ಕಲಿತೇ ಹೊರಬರುತ್ತಾರೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಿಂದ ಬಂದವರಾಗಲಿ, ದಕ್ಷಿಣೇಶ್ವರಕ್ಕೆ ಸಮೀಪದ ಪಾಣಿಹಾಟಿಯ ಗುರುನಾನಕ್ ಸಂಸ್ಥೆಯಿಂದ ಬಂದವರಾಗಲಿ, ‘ಸಾಮಾನ್ಯ’ ದಂತವೈದ್ಯರೆಂದ ಮಾತ್ರಕ್ಕೆ ಮುಂದಿನ ಹಲ್ಲು ಅವರ ಕೈಗೆ ಮೀರಿದ್ದಲ್ಲ.

ಬಿಳುಪಲ್ಲ, ಬೆಳಕು

ಹಾಗಿದ್ದರೆ ಮುಂದಿನ ಹಲ್ಲಿಗೆ ಇಷ್ಟು ಚಿಂತೆ ಯಾಕೆ? ಅದು ನಿಜಕ್ಕೂ ಕಷ್ಟದ ಕೆಲಸ, ಅದಕ್ಕೇ.

ಕನ್ನಡಿಯ ಮುಂದೆ ನಿಂತು ನಿಮ್ಮ ಬಾಚಿಹಲ್ಲನ್ನೇ ದಿಟ್ಟಿಸಿ. ವಸಡಿನ ಬಳಿ ತುಸು ಹಳದಿ, ನಡುವೆ ಹಾಲಿನ ಬಣ್ಣ, ಕಚ್ಚುವ ಅಂಚಿಗೆ ಬಂದಂತೆ ಗಾಜಿನ ಹಾಗೆ ತಿಳಿ. ಒಳಗಿನ ಡೆಂಟಿನ್ ಮಬ್ಬು, ಹೊರಗಿನ ಎನಾಮಲ್ ಅರೆಪಾರದರ್ಶಕ. ಬೆಳಕು ಹೊರಪದರ ಹೊಕ್ಕು, ಒಳಪದರಕ್ಕೆ ತಾಗಿ ಮರಳುತ್ತದೆ. ನಾವು ಹಲ್ಲಿನ ಬಣ್ಣವೆನ್ನುವುದು ಈ ಬೆಳಕಿನ ಓಡಾಟವನ್ನು. ಒಂದೇ ಬಣ್ಣದ ಮುದ್ದೆಯನ್ನು ತುಂಬಿ ಉಜ್ಜಿದರೆ, ಎಷ್ಟೇ ಬಿಳುಪಾಗಿರಲಿ, ಗೋಡೆಗೆ ಸುಣ್ಣ ಮೆತ್ತಿದಂತೆ ಎದ್ದು ಕಾಣುತ್ತದೆ. ಊರಿನಲ್ಲಿ ನನಗೆ ಹಾಕಿದ್ದು ಅಂಥದೇ. ಫೋಟೊ ತೆಗೆಯುವಾಗಲೆಲ್ಲ ತುಟಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಇಂದು ಮುಂದಿನ ಹಲ್ಲಿಗೆ ಹೆಚ್ಚಾಗಿ ಬಳಸುವುದು ಕಾಂಪೊಸಿಟ್: ರಾಳದಲ್ಲಿ ಗಾಜಿನಂಥ ನುಣ್ಣನೆಯ ಪುಡಿ ಬೆರೆಸಿದ ವಸ್ತು. ಇದರ ಹಿಂದೆ ಇಬ್ಬರ ಕೆಲಸವಿದೆ. 1955ರಲ್ಲಿ ಅಮೆರಿಕದ ಮೈಕೆಲ್ ಬ್ಯೂನೊಕೋರ್, ಫಾಸ್ಫಾರಿಕ್ ಆಮ್ಲ ಸವರಿದ ಎನಾಮಲ್ ಮೇಲೆ ರಾಳ ಗಟ್ಟಿಯಾಗಿ ಅಂಟುತ್ತದೆಂದು ತೋರಿಸಿದರು. ಆಮ್ಲ ತಾಗಿದ ಎನಾಮಲ್ಲಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳೇಳುತ್ತವೆ. ರಾಳ ಅವುಗಳೊಳಗೆ ಬೇರು ಬಿಡುತ್ತದೆ. 1962ರಲ್ಲಿ ರಫೇಲ್ ಬೋವನ್ ಅದಕ್ಕೆ ತಕ್ಕ ರಾಳಕ್ಕೆ ಪೇಟೆಂಟ್ ಪಡೆದರು. ಅದಕ್ಕೂ ಮುಂಚೆ ಫಿಲ್ಲಿಂಗ್ ನಿಲ್ಲಲೆಂದು ಒಳ್ಳೆಯ ಹಲ್ಲನ್ನೂ ಕೊರೆದು ಗೂಡು ಮಾಡಬೇಕಿತ್ತು. ಅಂಟುವ ವಸ್ತು ಬಂದ ಮೇಲೆ ಕೆಟ್ಟಷ್ಟನ್ನು ತೆಗೆದರೆ ಸಾಕಾಯಿತು.

ಆದರೆ ಈ ಅಂಟಿಗೆ ಒದ್ದೆ ಆಗದು. ಜೊಲ್ಲಿನ ಒಂದು ಹನಿ, ವಸಡಿನ ರಕ್ತದ ಒಂದು ಎಳೆ ತಾಗಿದರೂ ಹಿಡಿತ ಸಡಿಲ. ಆದ್ದರಿಂದ ಒಳ್ಳೆಯ ವೈದ್ಯರು ಹಲ್ಲನ್ನು ಒಣಗಿಸಿಟ್ಟುಕೊಳ್ಳುವುದಕ್ಕೇ ಸಮಯ ಕೊಡುತ್ತಾರೆ. ಅನೇಕರು ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆಯನ್ನು ಹಲ್ಲಿನ ಸುತ್ತ ಹೊದಿಸುತ್ತಾರೆ. ಆಮೇಲೆ ತೆಳ್ಳಗೆ ಒಂದೊಂದೇ ಪದರ. ಸಾಮಾನ್ಯವಾಗಿ ಒಂದು ಪದರ 2 ಮಿಲಿಮೀಟರಿಗಿಂತ ದಪ್ಪವಿರಬಾರದು. ಪ್ರತಿ ಪದರಕ್ಕೂ ನೀಲಿ ಬೆಳಕು ಹಿಡಿದು ಗಟ್ಟಿ ಮಾಡಬೇಕು. ಕಡೆಗೆ ಪಾಲಿಶ್. ಪಾಲಿಶ್ ಕೆಟ್ಟರೆ ಚಹಾ, ಎಲೆಯಡಿಕೆಯ ಕಲೆ ಬೇಗ ಹಿಡಿಯುತ್ತದೆ. ದಿನಕ್ಕೆ ಆರು ಸಲ ಮಣ್ಣಿನ ಭಾಂಡದಲ್ಲಿ ಚಾ ಕುಡಿಯುವ ಕೋಲ್ಕತ್ತದಲ್ಲೂ, ಊಟ ಮುಗಿಯುತ್ತಲೇ ಎಲೆತಟ್ಟೆಗೆ ಕೈಚಾಚುವ ನಮ್ಮೂರಿನಲ್ಲೂ ಇದು ನೆನಪಿರಬೇಕು.

ಬಣ್ಣ ಆರಿಸುವ ಹೊತ್ತಿಗೂ ಒಂದು ಕ್ರಮವಿದೆ. ಹಲ್ಲು ಒಣಗಿದರೆ ಇರುವುದಕ್ಕಿಂತ ಬಿಳಿಯಾಗಿ ಕಾಣುತ್ತದೆ. ಆದ್ದರಿಂದ ಕೆಲಸ ಶುರುವಾಗುವ ಮುಂಚೆಯೇ, ಹಲ್ಲು ಒದ್ದೆಯಿರುವಾಗಲೇ, ಕಿಟಕಿಯ ಬೆಳಕಿನಲ್ಲಿ ಬಣ್ಣದ ಮಾದರಿ ಹಿಡಿದು ನೋಡಬೇಕು. ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ವೀಟಾ ಮಾದರಿಯಲ್ಲಿ ಹದಿನಾರು ಛಾಯೆಗಳಿವೆ. ನಿಮ್ಮನ್ನು ಕುರ್ಚಿಯಲ್ಲಿ ಕೂರಿಸಿ, ತುಟಿ ಸರಿಸಿ, ಆ ಮಾದರಿಯನ್ನು ಹಲ್ಲಿನ ಪಕ್ಕ ಹಿಡಿದು ಎರಡು ನಿಮಿಷ ಕಳೆದ ವೈದ್ಯರು ಅರ್ಧ ಭರವಸೆಯನ್ನು ಅಲ್ಲೇ ಕೊಟ್ಟಿರುತ್ತಾರೆ.

ಶಿರ್‌ಶಿರ್ ಮತ್ತು ಕನ್‌ಕನ್

ಹಲ್ಲು ಕೆಟ್ಟರೆ ನಾವು ಹುಳುಕು ಎನ್ನುತ್ತೇವೆ, ಬಂಗಾಳಿಗಳು ದಾಂತೇ ಪೋಕಾ, ಹಲ್ಲಿನಲ್ಲಿ ಹುಳು, ಎನ್ನುತ್ತಾರೆ. ನಿಜದಲ್ಲಿ ಹುಳುವಿಲ್ಲ. ಸಿಹಿ ತಿಂದ ಸೂಕ್ಷ್ಮಜೀವಿಗಳು ಬಿಡುವ ಆಮ್ಲ ಎನಾಮಲ್ಲನ್ನು ಕರಗಿಸುತ್ತದೆ. ಆದರೆ ನೋವಿಗೆ ಬಂಗಾಳಿಯಲ್ಲಿ ಎರಡು ಸೊಗಸಾದ ಮಾತುಗಳಿವೆ. ತಣ್ಣೀರು ತಾಗಿದಾಗ ಜುಮ್ಮೆಂದು ಕ್ಷಣದಲ್ಲಿ ಹೋಗಿಬಿಡುವುದು ಶಿರ್‌ಶಿರ್. ಬಿಡದೆ ಒಳಗೊಳಗೇ ಹಿಂಡುವುದು ಕನ್‌ಕನ್. ವೈದ್ಯರಿಗೆ ಈ ವ್ಯತ್ಯಾಸ ಬಲು ಮುಖ್ಯ. ಮೊದಲನೆಯದರಲ್ಲಿ ಹಲ್ಲಿನ ಒಳಗಿನ ನರ ಸಾಮಾನ್ಯವಾಗಿ ಚೇತರಿಸಿಕೊಳ್ಳುವ ಸ್ಥಿತಿಯಲ್ಲಿರುತ್ತದೆ. ಎರಡನೆಯದರಲ್ಲಿ ನರಕ್ಕೇ ಪೆಟ್ಟಾಗಿರುವ ಸಂಭವ ಹೆಚ್ಚು.

ಸೌಂದರ್ಯದ ಮಾತಿಗಿಂತ ಮೊದಲು ಆರೋಗ್ಯದ ಮಾತು ಬರಬೇಕಾದ್ದು ಇದಕ್ಕೇ. ಪೆಟ್ಟುಬಿದ್ದ ಮುಂದಿನ ಹಲ್ಲು ವರ್ಷಗಳ ನಂತರ ನೋವೇ ಇಲ್ಲದೆ ಒಳಗೆ ಸತ್ತಿರಬಹುದು. ಬೂದು ಬಣ್ಣಕ್ಕೆ ತಿರುಗುವುದು ಅದರ ಒಂದು ಗುರುತು. ಅಂಥ ಹಲ್ಲಿಗೆ ಎಷ್ಟು ಚೆಂದದ ಫಿಲ್ಲಿಂಗ್ ಹಾಕಿದರೂ ಬೇರಿನ ತುದಿಯಲ್ಲಿ ಕೀವು ಕಟ್ಟುವ ಅಪಾಯ ತಪ್ಪದು. ಒಂದು ಸಣ್ಣ ಎಕ್ಸ್‌ರೇ, ತಣ್ಣನೆಯ ಹತ್ತಿ ತಾಗಿಸಿ ನರ ಬದುಕಿದೆಯೇ ಎಂದು ನೋಡುವ ಪರೀಕ್ಷೆ, ವಸಡು ಗಟ್ಟಿಯಿದೆಯೇ, ಕೆಳಹಲ್ಲು ಎಲ್ಲಿ ಬಡಿಯುತ್ತದೆ ಎಂಬ ತಪಾಸಣೆ, ಇಷ್ಟಾಗದೆ ಬಣ್ಣದ ಮಾತೆತ್ತಬಾರದು.

ನಮ್ಮಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಪಾವಗಡ, ಮುಂಡರಗಿ, ಬಾಗೇಪಲ್ಲಿಯ ಕಡೆ, ಬಂಗಾಳದಲ್ಲಿ ಪುರುಲಿಯಾ, ಬಾಂಕುಡಾದ ಕಡೆ, ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರದಿರಲಿ ಎನ್ನುತ್ತದೆ ಭಾರತೀಯ ಮಾನಕ. ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚು ಫ್ಲೋರೈಡಿರುವ ನೀರು ಕುಡಿದು ಬೆಳೆದ ಮಕ್ಕಳ ಮುಂದಿನ ಹಲ್ಲುಗಳ ಮೇಲೆ ಬಿಳಿ ಗೆರೆ, ಕಂದು ಮಚ್ಚೆ ಮೂಡುತ್ತವೆ. ಅದು ಹುಳುಕಲ್ಲ. ಅದನ್ನು ಹುಳುಕೆಂದು ಕೊರೆಯುವುದು ಅನ್ಯಾಯ. ಮೇಲ್ಪದರವನ್ನು ನವಿರಾಗಿ ಉಜ್ಜುವುದರಿಂದ ಹಿಡಿದು ಬ್ಲೀಚಿಂಗ್, ವೆನೀರ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಚಿಕಿತ್ಸೆಗಳಿವೆ. ಇಂಥ ಹಲ್ಲಿಗೆ ಸೌಂದರ್ಯ ಚಿಕಿತ್ಸೆಯಲ್ಲಿ ನಿಜವಾಗಿ ಪಳಗಿದವರೇ ಬೇಕು.

ಯಾವ ಹಲ್ಲಿಗೆ ಯಾರು

ಹೀಗೆ ನೋಡಿದಾಗ ಆಯ್ಕೆ ಬೋರ್ಡಿನಿಂದ ಹಲ್ಲಿನ ಕಡೆಗೆ ತಿರುಗುತ್ತದೆ. ಎರಡು ಮುಂದಿನ ಹಲ್ಲುಗಳ ನಡುವಿನ ಸಣ್ಣ ಹುಳುಕು, ವಸಡಿನಂಚಿನ ಸವೆತ, ಸಣ್ಣ ಚೂರು ಹಾರಿದ್ದು: ಇವಕ್ಕೆ ನಿಮ್ಮ ಬಾಯಿಯನ್ನು ವರ್ಷಗಳಿಂದ ಬಲ್ಲ, ಸಮಯ ಕೊಟ್ಟು ಕೆಲಸ ಮಾಡುವ ಸಾಮಾನ್ಯ ದಂತವೈದ್ಯರೇ ಸಾಕು. ಎಷ್ಟೋ ಸಲ ಅವರೇ ಮೇಲು. ನಿಮ್ಮ ಹಲ್ಲುಕಡಿಯುವ ಅಭ್ಯಾಸ, ವಸಡಿನ ಸ್ಥಿತಿ, ಹಳೆಯ ಎಕ್ಸ್‌ರೇ ಅವರಿಗೆ ಗೊತ್ತಿರುತ್ತದೆ.

ಕಚ್ಚುವ ಅಂಚಿನ ಮೂಲೆ ದೊಡ್ಡದಾಗಿ ಮುರಿದಿದ್ದರೆ ಕೆಲಸ ಒಂದು ಹಂತ ಮೇಲಕ್ಕೇರುತ್ತದೆ. ಕಚ್ಚುವಾಗಿನ ಒತ್ತಡ ನೇರವಾಗಿ ಆ ಮೂಲೆಗೇ ಬೀಳುತ್ತದೆ, ಪಕ್ಕದ ಹಲ್ಲು ಅಳತೆಗೋಲಿನಂತೆ ನಿಂತಿರುತ್ತದೆ. ಇಲ್ಲಿ ಕನ್ಸರ್ವೇಟಿವ್ ವಿಭಾಗದ ಎಂಡಿಎಸ್ ಅಥವಾ ಇಂಥ ಕೆಲಸವನ್ನು ಆಗಾಗ ಮಾಡುವ ಬಿಡಿಎಸ್ ವೈದ್ಯರನ್ನು ಹುಡುಕುವುದು ಒಳ್ಳೆಯದು. ಒಂದಕ್ಕಿಂತ ಹೆಚ್ಚು ಹಲ್ಲುಗಳ ಆಕಾರ, ಬಣ್ಣ, ಉದ್ದ ಒಟ್ಟಿಗೆ ಬದಲಾಗಬೇಕಿದ್ದರೆ, ಸತ್ತು ಬೂದಾದ ಹಲ್ಲಿದ್ದರೆ, ಫಿಲ್ಲಿಂಗ್ ಮತ್ತೆ ಮತ್ತೆ ಬೀಳುತ್ತಿದ್ದರೆ ತಜ್ಞರ ಬಳಿಗೇ ಹೋಗಬೇಕು. ದುಡ್ಡಿನ ಚಿಂತೆಯಿದ್ದವರಿಗೆ ದಂತ ಕಾಲೇಜುಗಳ ಹೊರರೋಗಿ ವಿಭಾಗ ಇದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು, ಆತುರವಿಲ್ಲದೆ ಅಲ್ಲಿ ಕೆಲಸ ಮಾಡುತ್ತಾರೆ. ಕಾಯುವ ತಾಳ್ಮೆ ನಮಗಿರಬೇಕು.

ಕುರ್ಚಿ ಏರುವ ಮುಂಚೆ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಇಂಥದೇ ಹಲ್ಲಿಗೆ ನೀವೇ ಮಾಡಿದ ಕೆಲಸದ ಮುಂಚಿನ ಮತ್ತು ನಂತರದ ಫೋಟೊ ಇದೆಯೇ? ಎಷ್ಟು ಹೊತ್ತು ತೆಗೆದಿಡುತ್ತೀರಿ? ಹಲ್ಲಿನ ಒಳ್ಳೆಯ ಭಾಗವನ್ನು ಎಷ್ಟು ಕೊರೆಯಬೇಕಾಗುತ್ತದೆ? ಇದಕ್ಕಿಂತ ಕಡಿಮೆ ಕೊರೆಯುವ ದಾರಿ ಇದೆಯೇ? ಚೂರು ಹಾರಿದರೆ ಸರಿಪಡಿಸಲಾಗುತ್ತದೆಯೇ? ಒಳ್ಳೆಯ ವೈದ್ಯರು ಇವಕ್ಕೆ ಬೇಸರಿಸುವುದಿಲ್ಲ. ಹಲ್ಲನ್ನು ಬಿಳುಪು ಮಾಡಿಸುವ ಆಸೆಯಿದ್ದರೆ ಅದನ್ನೂ ಮೊದಲೇ ಹೇಳಿಬಿಡಬೇಕು. ಬ್ಲೀಚಿಂಗಿಗೆ ಹಲ್ಲು ಬಿಳಿಯಾಗುತ್ತದೆ, ಫಿಲ್ಲಿಂಗ್ ಆಗುವುದಿಲ್ಲ. ಮೊದಲು ಬ್ಲೀಚಿಂಗ್, ಸುಮಾರು ಎರಡು ವಾರ ಬಿಟ್ಟು ಫಿಲ್ಲಿಂಗ್. ಅದೇ ಸರಿಯಾದ ಕ್ರಮ.

ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಆಟದಲ್ಲಿ ಮುಂದಿನ ಹಲ್ಲು ಮುರಿದರೆ ಚೂರನ್ನು ಹುಡುಕಿ ಹಾಲಿನಲ್ಲೋ ನೀರಿನಲ್ಲೋ ಹಾಕಿಕೊಂಡು ವೈದ್ಯರಲ್ಲಿಗೆ ಓಡಿ. ಅನೇಕ ಸಲ ಅದೇ ಚೂರನ್ನು ಮರಳಿ ಅಂಟಿಸಬಹುದು. ಅದಕ್ಕಿಂತ ಚೆನ್ನಾಗಿ ಬಣ್ಣ ಹೊಂದುವ ಫಿಲ್ಲಿಂಗ್ ಇಲ್ಲ. ಸೈಕಲ್ಲಿನಿಂದ ಬಿದ್ದ ದಿನ ನಮ್ಮ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಅರ್ಧ ಮಿಲಿಮೀಟರಿನ ಪ್ರಶ್ನೆ

ನಾನು ಮೊದಲು ಹೋದದ್ದು ನಗುವಿನ ಚಿತ್ರವಿದ್ದ ಕ್ಲಿನಿಕ್ಕಿಗೆ. ಹತ್ತು ನಿಮಿಷದಲ್ಲಿ ಸಲಹೆ ಸಿದ್ಧವಾಗಿತ್ತು: ಮುಂದಿನ ಆರೂ ಹಲ್ಲಿಗೆ ವೆನೀರ್. ಕಂಪ್ಯೂಟರಿನ ಪರದೆಯಲ್ಲಿ ನನ್ನದೇ ಹೊಸ ನಗು ತೋರಿಸಿದರು. ಚೆನ್ನಾಗಿಯೇ ಇತ್ತು. ಆದರೆ ಎಕ್ಸ್‌ರೇ ತೆಗೆದಿರಲಿಲ್ಲ. ಪಿಂಗಾಣಿ ವೆನೀರಿಗೆ ಸಾಮಾನ್ಯವಾಗಿ ಹಲ್ಲಿನ ಮುಖದಿಂದ ಸುಮಾರು ಅರ್ಧ ಮಿಲಿಮೀಟರ್ ಎನಾಮಲ್ ತೆಗೆಯಬೇಕು. ಕೇಳಲು ಅದು ಏನೂ ಅಲ್ಲ. ಆದರೆ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಉಗುರು ಬೆಳೆಯುತ್ತದೆ, ಚರ್ಮ ಕೂಡುತ್ತದೆ, ಮೂಳೆ ಬೆಸೆಯುತ್ತದೆ; ಒಮ್ಮೆ ಕೊರೆದ ಎನಾಮಲ್ ಹೋದದ್ದು ಹೋಯಿತು. ನನಗೆ ಕೆಟ್ಟಿದ್ದು ಒಂದು ಹಲ್ಲಿನ ಒಂದು ಮೂಲೆ. ಉಳಿದ ಐದು ಹಲ್ಲುಗಳು ಯಾವ ತಪ್ಪೂ ಮಾಡಿರಲಿಲ್ಲ. ವೆನೀರು ನಿಜಕ್ಕೂ ಬೇಕಾದ ಬಾಯಿಗಳಿವೆ. ನನ್ನದು ಅಂಥ ಬಾಯಿಯಾಗಿರಲಿಲ್ಲ.

ಎರಡನೆಯದು ಬರೀ ಡೆಂಟಲ್ ಕ್ಲಿನಿಕ್ ಎಂದಿದ್ದ ಪುಟ್ಟ ಕೋಣೆ. ಅಲ್ಲಿದ್ದ ವೈದ್ಯೆ ಮೊದಲು ಕೇಳಿದ್ದೇ, “ಶಿರ್‌ಶಿರ್ ಕೋರ್ಛೇ, ನಾ ಕನ್‌ಕನ್?” ಎಕ್ಸ್‌ರೇ ತೆಗೆದರು, ತಣ್ಣನೆಯ ಹತ್ತಿ ಮುಟ್ಟಿಸಿದರು. ನರ ಜೀವಂತವಾಗಿತ್ತು. “ಮೂಲೆಯಷ್ಟೇ ಕಟ್ಟೋಣ. ಹಲ್ಲನ್ನು ಕೊರೆಯುವುದು ಬೇಡ, ಅಂಚನ್ನು ತುಸು ಇಳಿಜಾರು ಮಾಡಿದರೆ ಸಾಕು. ನಾಳೆ ಬೆಳಿಗ್ಗೆ ಬನ್ನಿ, ಬಣ್ಣ ನೋಡಲು ಹಗಲು ಬೇಕು,” ಎಂದರು. ಮರುದಿನ ಒಂದು ಗಂಟೆ ಹಿಡಿಯಿತು. ಒಳಗೆ ಮಬ್ಬು ಪದರ, ಮೇಲೆ ತಿಳಿ ಪದರ, ಪಕ್ಕದ ಹಲ್ಲಿನಲ್ಲಿದ್ದ ಒಂದು ಸಣ್ಣ ಬಿಳಿ ಗೆರೆಯ ಪಡಿಯಚ್ಚು ಕೂಡ. ಎಷ್ಟು ವರ್ಷ ಬಾಳುತ್ತದೆಂದು ಕೇಳಿದೆ. ಖಂಡಿತ ಹೇಳಲಾಗದು, ಕಾಪಾಡಿಕೊಂಡರೆ ಅನೇಕ ವರ್ಷ, ಚೂರು ಹಾರಿದರೆ ಅಷ್ಟನ್ನೇ ಮತ್ತೆ ಕಟ್ಟಬಹುದು ಎಂದರು. ಏಳುವಾಗ ಒಂದು ಮಾತು ಸೇರಿಸಿದರು: ಪೇಯಾರಾ ಹೆಚ್ಚಿಕೊಂಡು ತಿನ್ನಿ.

ಬಂಗಾಳದಲ್ಲಿ ಒಂದು ಗಾದೆಯಿದೆ: ಹಲ್ಲಿರುವಾಗ ಹಲ್ಲಿನ ಮರ್ಯಾದೆ ತಿಳಿಯದು. ನಮ್ಮಲ್ಲಿ ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತೇವೆ. ವೈದ್ಯರನ್ನು ಆರಿಸುವಾಗ ಬಂಗಾಳಿ ಗಾದೆಯೇ ನನ್ನ ಕೈಹಿಡಿದದ್ದು. ಇರುವ ಹಲ್ಲಿನ ಮರ್ಯಾದೆ ತಿಳಿದವರು, ಅದರಲ್ಲಿ ಆದಷ್ಟೂ ಉಳಿಸಲು ನೋಡುವವರು, ಅವರ ಬೋರ್ಡಿನ ಮೇಲೆ ಏನೇ ಬರೆದಿರಲಿ, ನಮ್ಮ ವೈದ್ಯರು.

ಅಂದು ಸಂಜೆ ಸ್ಕೈವಾಕ್ ಮೇಲೆ ನಿಂತು ಅಮ್ಮನಿಗೆ ಫೋನ್ ಮಾಡಿದೆ. ಮಳೆಯ ಮಾತಾಯಿತು, ಅಡಿಕೆಯ ಮಾತಾಯಿತು, ಪಕ್ಕದ ಮನೆಯ ಮದುವೆಯ ಮಾತಾಯಿತು. ಅರ್ಧ ಗಂಟೆ ಮಾತಾಡಿ ಫೋನಿಟ್ಟರು. ಹಲ್ಲಿನ ವಿಚಾರ ಅವರಿಗೆ ನೆನಪೇ ಆಗಲಿಲ್ಲ.